ಕಾರ್ಟೂನ್ ಗಾಲ್ಫ್ ಗೇಮ್: ಯಾರ ಮನೆಗೆ ಯಾವುದು?

ಜೂನ್ ಬಂತು ಅಂದರೆ ಬೆಳಗಾವಿಯಲ್ಲಿ ಸಂಜೆ ಮೈದಾನದ ಆಟ ಬಂದ್. ಮಳೆ ಒಮ್ಮೆ ಹಿಡಿದರೆ ಬಿಡುವ ಲಕ್ಷಣವೇ ಇರುವುದಿಲ್ಲ. ಆವಾಗಿನಿಂದ ಗಣಪತಿ ಹಬ್ಬದ ತನಕ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಮನ್ಯಾಗ ಎಲ್ಲಾರೂ ಕೂಡಿ ಆಡುವಂಥಾ ಗೇಮ್ ಯಾವುದೈತ್ರಿ? ಬರೇ ಬಂದೂಕು, ಬಡದಾಟ ಬ್ಯಾಡ್ರಿ." ನಾನು ಕಾರ್ಟೂನ್ ಗಾಲ್ಫ್ ಅನ್ನುತ್ತೇನೆ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ, ನಾನು ನಾಲ್ಕೈದು ಹೆಸರು ಹೇಳುತ್ತೇನೆ, ಅಲ್ಲಿಗೆ ಅವರ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ.

ಗಾಲ್ಫ್ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ನಮ್ಮ ಕಡೆ ಗಾಲ್ಫ್ ಮೈದಾನದೊಳಗೆ ಕಾಲಿಟ್ಟವರೇ ಕಡಿಮೆ. ಈ ಗೇಮ್‌ಗಳಿಗೆ ಬೇಕಾದ ನಿಯಮ ಇಷ್ಟೇ: ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಬೇಕು. ಪ್ರತಿ ಕುಳಿಗೂ ಇಷ್ಟು ಹೊಡೆತ ಅಂತ ಒಂದು ಲೆಕ್ಕ ಇರುತ್ತದೆ, ಸಾಮಾನ್ಯವಾಗಿ 3, 4 ಇಲ್ಲವೇ 5. ಅದಕ್ಕೆ ಪಾರ್ ಅನ್ನುತ್ತಾರೆ. ಅದಕ್ಕಿಂತ ಒಂದು ಕಡಿಮೆ ಆದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ನುಣ್ಣಗೆ ಕತ್ತರಿಸಿದ ಹುಲ್ಲು ಫೇರ್‌ವೇ, ಪಕ್ಕದ ಉದ್ದ ಹುಲ್ಲು ರಫ್, ಮರಳಿನ ಗುಂಡಿ ಬಂಕರ್, ಕುಳಿ ಇರುವ ಜಾಗ ಗ್ರೀನ್. ಮುಗೀತು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಮನೆಯ ಅಜ್ಜಿಯೂ "ಬಂಕರ್‌ನಾಗ ಬಿತ್ತಲೋ" ಅಂತ ಹೇಳುವ ಮಟ್ಟಕ್ಕೆ ಬಂದಿರುತ್ತಾರೆ.

ಪಿಜಿಎ ಟೂರ್ 2ಕೆ ಥರದ ನಿಜದಂತೆ ಕಾಣುವ ಗೇಮ್‌ಗಳನ್ನು ಇಲ್ಲಿ ಬಿಟ್ಟಿದ್ದೇನೆ. ಅವು ಕೆಟ್ಟವು ಅಂತಲ್ಲ. ಆದರೆ ಅಲ್ಲಿ ಕಂಟ್ರೋಲರ್ ಮೇಲಿನ ಸ್ಟಿಕ್ ಎಳೆಯುವ ವೇಗ, ನೇರ ಎಲ್ಲವನ್ನೂ ಕೈಗೆ ಕೂಡಿಸಿಕೊಳ್ಳಬೇಕು. ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದು ಸರಿ. ಹಾಲ್‌ನಲ್ಲಿ ಐದು ಜನ ಕೂತಾಗ ನಡೆಯುವುದಿಲ್ಲ.

ಮೊದಲು ಏನು ನೋಡಬೇಕು

ಗ್ರಾಫಿಕ್ಸ್ ನೋಡಿ ತಗೋಬೇಡಿ. ಕಾರ್ಟೂನ್ ಶೈಲಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಹತ್ತು ವರ್ಷ ಹಳೆಯದೂ ಕಣ್ಣಿಗೆ ಹಳೆಯದು ಅನ್ನಿಸುವುದಿಲ್ಲ. ಮೊದಲು ನೋಡಬೇಕಾದ್ದು ಮನೆಯಲ್ಲಿ ಈಗಾಗಲೇ ಏನಿದೆ ಅನ್ನೋದು. ಸೋನಿಯ ಪ್ಲೇಸ್ಟೇಷನ್ (ಪಿಎಸ್4, ಪಿಎಸ್5), ನಿಂಟೆಂಡೊದ ಸ್ವಿಚ್, ಲ್ಯಾಪ್‌ಟಾಪ್ ಅಥವಾ ಬರೀ ಮೊಬೈಲ್. ಒಂದು ಗಾಲ್ಫ್ ಗೇಮ್‌ಗೋಸ್ಕರ ಹೊಸ ಮಷಿನ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಡ್ಡು ದಂಡ.

ಎರಡನೆಯದು, ಎಷ್ಟು ಜನ ಆಡುತ್ತೀರಿ, ಎಲ್ಲಿ ಕೂತು ಆಡುತ್ತೀರಿ. ಒಂದೇ ಸೋಫಾದಲ್ಲಿ ಕೂತು ಕಂಟ್ರೋಲರ್ ಕೈಯಿಂದ ಕೈಗೆ ದಾಟಿಸುವುದು ಬೇರೆ. ಒಬ್ಬ ಟಿಳಕವಾಡಿಯಲ್ಲಿ, ಇನ್ನೊಬ್ಬ ಪುಣೆಯಲ್ಲಿ ಕೆಲಸಕ್ಕೆ, ಮತ್ತೊಬ್ಬ ಬೆಂಗಳೂರಿನ ಪಿಜಿಯಲ್ಲಿ ಕೂತು ರಾತ್ರಿ ಆನ್‌ಲೈನ್ ಕೂಡುವುದು ಬೇರೆ. ಒಂದಕ್ಕೆ ಸರಿ ಹೊಂದುವ ಗೇಮ್ ಇನ್ನೊಂದಕ್ಕೆ ಬಹಳ ಸಲ ಹೊಂದುವುದೇ ಇಲ್ಲ.

ಮೂರನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಚೆಂಡು ಎಡವಟ್ಟಾಗಿ ಹೋದಾಗ ಯಾಕೆ ಹೋಯಿತು ಅಂತ ಆಡಿದವರಿಗೆ ಗೊತ್ತಾಗಬೇಕು. ಗಾಳಿ ಲೆಕ್ಕ ಹಾಕಲಿಲ್ಲ, ಒತ್ತುವುದು ತಡ ಆಯಿತು, ಇಳಿಜಾರು ನೋಡಲಿಲ್ಲ, ಹೀಗೆ ಏನೋ ಒಂದು ಕಾರಣ ಕಣ್ಣಿಗೆ ಕಾಣಬೇಕು. ಆಗ ಸೋತವನು "ಇನ್ನೊಂದ್ ಆಡೂಣು" ಅನ್ನುತ್ತಾನೆ. ಕಾರಣ ಕಾಣದಿದ್ದರೆ ಕಂಟ್ರೋಲರ್ ಕೆಳಗಿಟ್ಟು ಮೊಬೈಲ್ ಹಿಡಿಯುತ್ತಾನೆ. ಕಾರ್ಟೂನ್ ಗಾಲ್ಫ್ ಗೇಮ್ ಒಳ್ಳೆಯದೋ ಅಲ್ಲವೋ ಅಂತ ನಾನು ಅಳೆಯುವುದು ಇದರಿಂದಲೇ.

ಇದಕ್ಕೆ ಕೂಡಿದ್ದು ಮೂರು ಸಲ ಒತ್ತುವ ಪದ್ಧತಿ. ಕೆಳಗೆ ಬರುವ ಹಲವು ಗೇಮ್‌ಗಳ ಬೇರು ಅದೇ. ಬಟನ್ ಒಮ್ಮೆ ಒತ್ತಿದರೆ ಪಟ್ಟಿಯ ಮೇಲೆ ಗುರುತು ಓಡಲು ಶುರು. ಎರಡನೇ ಸಲ ಒತ್ತಿದ ಕಡೆ ಬಲ ನಿಗದಿ. ಗುರುತು ವಾಪಸ್ ಬರುವಾಗ ಸರಿಯಾದ ಜಾಗದಲ್ಲಿ ಮೂರನೇ ಸಲ ಒತ್ತಿದರೆ ಚೆಂಡು ನೇರ. ಹೆಚ್ಚುಕಡಿಮೆ ಆದರೆ ಎಡಕ್ಕೋ ಬಲಕ್ಕೋ ತಿರುಗುತ್ತದೆ. ತಪ್ಪು ಯಾರದು ಅಂತ ಪಟ್ಟಿಯೇ ತೋರಿಸುತ್ತದೆ, ಜಗಳಕ್ಕೆ ಜಾಗವೇ ಇಲ್ಲ.

ಆದರೆ ಇಲ್ಲೊಂದು ತೊಡಕು ಇದೆ. ನಿಮ್ಮ ಟಿವಿ ಚಿತ್ರವನ್ನು ಚೆಂದ ಮಾಡಲು ಒಳಗೊಳಗೆ ಏನೇನೋ ಮಾಡುತ್ತಿರುತ್ತದೆ, ಅದರಿಂದ ನೀವು ಒತ್ತಿದ್ದಕ್ಕೂ ಪರದೆ ಮೇಲೆ ಕಾಣುವುದಕ್ಕೂ ನಡುವೆ ಚೂರು ತಡ ಆಗುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಮೂರನೇ ಒತ್ತಿನಲ್ಲಿ ಮಾತ್ರ ಪ್ರತಿ ಸಲ ಕಾಡುತ್ತದೆ. ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಆನ್ ಮಾಡಿ. ಬ್ಲೂಟೂತ್ ಸ್ಪೀಕರ್ ಹಾಕಿದ್ದರೆ ತೆಗೆದು ಟಿವಿಯ ಸದ್ದಿನಲ್ಲೇ ಆಡಿ, ಬ್ಲೂಟೂತ್‌ನಲ್ಲಿ ಸದ್ದು ಹಿಂದೆ ಬೀಳುತ್ತದೆ. ಗೇಮ್ ಸರಿಯಿಲ್ಲ ಅಂತ ಬೈಯುವವರಲ್ಲಿ ಬಹಳ ಜನರ ತೊಂದರೆ ಇಷ್ಟಕ್ಕೇ ನೀಗುತ್ತದೆ.

ಕೊನೆಯದು ಕೊಂಡ ಮೇಲಿನ ಖರ್ಚು. ಒಮ್ಮೆ ಕೊಟ್ಟು ಮುಗಿಸುವ ಗೇಮ್ ಇದೆ, ಪುಕ್ಕಟೆ ಅಂತ ಒಳಗೆ ಕರೆದು ಆಮೇಲೆ ಜೇಬಿಗೆ ಕೈ ಹಾಕುವ ಗೇಮೂ ಇದೆ. ಕಂಪನಿಯ ಸರ್ವರ್ ಇದ್ದರೆ ಮಾತ್ರ ಅರ್ಧ ಆಟ ನಡೆಯುವಂಥವೂ ಇವೆ. ಸರ್ವರ್ ಬಂದ್ ಆದ ದಿನ ಆ ಅರ್ಧ ಹೋಯಿತು ಅಂತಲೇ ಲೆಕ್ಕ.

ಎವ್ರಿಬಡೀಸ್ ಗಾಲ್ಫ್

ಕಾರ್ಟೂನ್ ಗಾಲ್ಫ್ ಅಂದರೆ ನನಗೆ ಮೊದಲು ನೆನಪಾಗುವುದು ಇದೇ. ಜಪಾನಿನಲ್ಲಿ 1997ರಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ಬಂತು. ಅಮೆರಿಕದಲ್ಲಿ ಬಹಳ ವರ್ಷ ಹಾಟ್ ಶಾಟ್ಸ್ ಗಾಲ್ಫ್ ಅಂತ ಕರೆದರು, ಹಾಗಾಗಿ ಹಳೆಯ ವಿಡಿಯೋಗಳಲ್ಲಿ ಎರಡು ಹೆಸರು ಕಂಡರೆ ಗಾಬರಿ ಬೇಡ. ಮೊದಲನೆಯದನ್ನು ಮಾಡಿದವರು ಕ್ಯಾಮೆಲಾಟ್. ಅವರೇ ಮುಂದೆ ನಿಂಟೆಂಡೊಗೆ 1999ರಲ್ಲಿ ಮಾರಿಯೋ ಗಾಲ್ಫ್ ಮಾಡಿದರು. ಎವ್ರಿಬಡೀಸ್ ಗಾಲ್ಫ್‌ನ ಎರಡನೆಯದರಿಂದ ಕ್ಲ್ಯಾಪ್ ಹ್ಯಾನ್ಜ್ ಅನ್ನುವವರು ಕೈಗೆ ತಗೊಂಡರು. ಅಂದರೆ ಇವತ್ತು ಎದುರಾಬದುರಾ ನಿಂತಿರುವ ಎರಡೂ ಸರಣಿಗಳ ತವರು ಒಂದೇ. ಎರಡನ್ನೂ ಆಡಿ ನೋಡಿ, ಹೋಲಿಕೆ ಕೈಗೇ ಸಿಗುತ್ತದೆ.

ಈಗ ನಿಮ್ಮ ಮುಂದೆ ಇರುವುದು ಎರಡು. 2017ರ ಪಿಎಸ್4 ಗೇಮ್, ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಬಂದ ಎವ್ರಿಬಡೀಸ್ ಗಾಲ್ಫ್ ಹಾಟ್ ಶಾಟ್ಸ್. ಒಂದೇ ಹೆಸರು, ಆದರೆ ಸ್ವಭಾವ ಸಾಕಷ್ಟು ಬೇರೆ.

2017ರದ್ದರ ದೊಡ್ಡ ಬಲ ನಿಮ್ಮದೇ ಬೊಂಬೆ ಮಾಡಿಕೊಳ್ಳುವುದು. ಮೂಗು, ಹುಬ್ಬು, ಮೀಸೆ, ಟೋಪಿ ಎಲ್ಲ ಬೇಕಾದ ಹಾಗೆ ಬದಲಿಸಬಹುದು. ಸೋದರಮಾವನ ಮುಖ ಮಾಡಿ ಅವರನ್ನೇ ಕರೆದು ತೋರಿಸಿದರೆ ಆ ಸಂಜೆ ಗಾಲ್ಫ್ ಆಡುವುದೇ ಬೇಡ, ನಗುವುದರಲ್ಲೇ ಹೊತ್ತು ಹೋಗುತ್ತದೆ. ಮೈದಾನದಲ್ಲಿ ಓಡಾಡಬಹುದು, ಗಾಡಿ ಓಡಿಸಬಹುದು, ಮೀನು ಹಿಡಿಯಬಹುದು. ಇನ್ನೊಂದು ಚೆಂದದ ಸಂಗತಿ, ನೀವು ಯಾವ ಕೋಲಿನಿಂದ ಹೇಗೆ ಹೊಡೆಯುತ್ತೀರೋ ಆ ಕೋಲು ಹಾಗೇ ಬಲಿಯುತ್ತದೆ. ದೂರ ಹೊಡೆಯುತ್ತಾ ಇದ್ದರೆ ದೂರ ಹೊಡೆಯುವ ಶಕ್ತಿ, ಬ್ಯಾಕ್‌ಸ್ಪಿನ್ (ಚೆಂಡಿಗೆ ಹಿಮ್ಮುಖ ತಿರುಗು) ಕೊಡುತ್ತಾ ಇದ್ದರೆ ಬ್ಯಾಕ್‌ಸ್ಪಿನ್. ಅಂಗಡಿಯಲ್ಲಿ ಕೊಂಡು ಬಲಶಾಲಿ ಆಗುವ ದಾರಿ ಇಲ್ಲಿ ಮುಖ್ಯ ಅಲ್ಲ, ಆಡಿಯೇ ಆಗಬೇಕು. ಅದು ನನಗೆ ಇಷ್ಟ.

ದೋಷವೂ ಅಲ್ಲೇ ಇದೆ. ಒಬ್ಬರೇ ಆಡುವಾಗ ಶುರುವಿನಲ್ಲಿ ಒಂದೇ ಕೋರ್ಸ್‌ ಅನ್ನು, ಅಂದರೆ ಒಂದೇ ಗಾಲ್ಫ್ ಮೈದಾನವನ್ನು, ಮತ್ತೆ ಮತ್ತೆ ಸುತ್ತಬೇಕು. ಸ್ವಲ್ಪ ಅಂಕ ಕೂಡಬೇಕು, ಆಮೇಲೆ ಒಬ್ಬ ಎದುರಾಳಿ, ಮತ್ತೆ ಅದೇ ಹುಲ್ಲು, ಅದೇ ಕುಳಿ. ಒಂದಷ್ಟು ಹೊತ್ತು ಬೇಜಾರು ಬರುವುದು ಖಂಡಿತ. ಮತ್ತೆ ಆನ್‌ಲೈನ್ ಸರ್ವರ್‌ಗಳನ್ನು 2022ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದರು. ಬಹಳ ಜನ ಒಂದೇ ಮೈದಾನದಲ್ಲಿ ಓಡಾಡುತ್ತಾ ಆಡುವುದು ಈ ಗೇಮ್‌ನ ಅರ್ಧ ಜೀವವಾಗಿತ್ತು. ಈಗ ಅದು ಇಲ್ಲ. ಒಬ್ಬರೇ ಆಡುವುದು, ಮನೆಯಲ್ಲಿ ಕಂಟ್ರೋಲರ್ ದಾಟಿಸಿ ಆಡುವುದು, ಅಷ್ಟೇ ಉಳಿದಿದೆ. ಹಳೆಯ ವಿಡಿಯೋ ನೋಡಿ ಆನ್‌ಲೈನ್ ಆಸೆಗೆ ಡಿಸ್ಕ್ ತಂದರೆ ನಿರಾಸೆ. ಮನೆ ಮಂದಿಗೆ ಮಾತ್ರ ಅಂದುಕೊಂಡು, ಸೆಕೆಂಡ್ ಹ್ಯಾಂಡ್ ಡಿಸ್ಕ್ ಕಡಿಮೆಗೆ ಸಿಕ್ಕರೆ, ಇವತ್ತಿಗೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

2025ರ ಹಾಟ್ ಶಾಟ್ಸ್ ಅನ್ನು ಮಾಡಿದವರು ಹೈಡ್, ತಂದವರು ಬಂದಾಯ್ ನಾಮ್ಕೊ. ಪಿಎಸ್5, ಸ್ವಿಚ್, ಪಿಸಿ ಮೂರರಲ್ಲೂ ಇದೆ. ಈ ಸರಣಿ ಪ್ಲೇಸ್ಟೇಷನ್‌ನ ಮನೆಮಗ ಅಂತ ತಿಳಿದಿದ್ದವರಿಗೆ ಇದೇ ದೊಡ್ಡ ಸುದ್ದಿ. ನಿಮ್ಮದೇ ಮುಖ ಮಾಡಿಕೊಳ್ಳುವುದನ್ನು ಬಿಟ್ಟು ಮತ್ತೆ ಹಳೆಯ ಪದ್ಧತಿಗೆ ಹೋಗಿದ್ದಾರೆ. 25ಕ್ಕೂ ಹೆಚ್ಚು ಪಾತ್ರಗಳಿವೆ, ಒಬ್ಬೊಬ್ಬರದ್ದು ಒಂದೊಂದು ಗುಣ. ಹಳೆಯ ವಿಡಿಯೋ ಗೇಮ್‌ನ ಪ್ಯಾಕ್-ಮ್ಯಾನ್ ಕೂಡ ಬಂದು ಗಾಲ್ಫ್ ಹೊಡೆಯುತ್ತಾನೆ. ಕೋರ್ಸ್‌ಗಳು 10. ಮೂರು ಸಲ ಒತ್ತುವುದು ಹಾಗೇ ಇದೆ, ಹೊಡೆದಾಗ ಬರುವ ಆ ಟಕ್ ಸದ್ದಿನ ಸುಖವೂ ಹಾಗೇ ಇದೆ. ವ್ಯಾಕಿ ಗಾಲ್ಫ್ ಅಂತ ಒಂದು ಭಾಗ ಇದೆ, ಮೈದಾನದಲ್ಲಿ ಬಾಂಬ್ ಇಟ್ಟಿರುತ್ತಾರೆ, ಚೆಂಡು ಅಲ್ಲಿ ಬಿದ್ದರೆ ಸಿಡಿದು ಎಲ್ಲೋ ಹಾರುತ್ತದೆ. ಗಂಭೀರವಾಗಿ ಆಡುವವರಿಗೆ ಸಿಟ್ಟು, ಮಕ್ಕಳಿಗೆ ಕುಣಿದಾಟ. ನನಗೆ ಎರಡು ಸಲ ನಗು ಬಂತು, ಮೂರನೇ ಸಲಕ್ಕೆ ಸಾಕಾಯಿತು.

ಇದರ ಕೊರತೆ ಅಂದರೆ ಕಥೆ. ವರ್ಲ್ಡ್ ಟೂರ್ ಅನ್ನುವ ಕಥೆಯ ಭಾಗದಲ್ಲಿ ಪ್ರತಿ ಪಾತ್ರಕ್ಕೂ ಮಾತುಕತೆ ಇಟ್ಟಿದ್ದಾರೆ, ಪೂರ್ತಿ ಓದಿದರೂ ಏನೂ ಸಿಗುವುದಿಲ್ಲ, ಬಟನ್ ಒತ್ತಿ ದಾಟಿಸಿ. ಹೊರನೋಟದಲ್ಲೂ ಕೆಲವು ಕಡೆ ಬೇಗ ಬೇಗ ಮುಗಿಸಿದ ಹಾಗಿದೆ. ಮರ, ಎಲೆಗಳ ಕೆಲವು ಚಿತ್ರಗಳಿಗೆ ಎಐ ಬಳಸಿದ್ದನ್ನು ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಪುಟದಲ್ಲೇ ಒಪ್ಪಿಕೊಂಡಿದ್ದರು, ಅದಕ್ಕೆ ಬಹಳ ಜನ ಬೇಸರ ಮಾಡಿಕೊಂಡರು. ಆಟದ ಮೇಲೆ ಅದರಿಂದ ಏನೂ ಆಗುವುದಿಲ್ಲ, ಆದರೆ ಹೊಸ ಗೇಮ್‌ನ ದರ ಕೊಟ್ಟವರಿಗೆ ಕೇಳುವ ಹಕ್ಕಿದೆ, ಅಲ್ವಾ?

ಗಾಲ್ಫ್ ಆಟವೇ ಬೇಕು, ನಾಲ್ಕು ಜನ ಸರದಿಯಲ್ಲಿ ಆಡುತ್ತೇವೆ, ಸೋತರೆ ಯಾಕೆ ಸೋತೆ ಅಂತ ಗೊತ್ತಾಗಬೇಕು ಅನ್ನುವವರಿಗೆ ಈ ಎರಡರಲ್ಲಿ ಒಂದು. ನನ್ನ ಅಳತೆಗೋಲಿನಲ್ಲಿ ಮೊದಲ ಸ್ಥಾನ ಇದಕ್ಕೇ.

ಮಾರಿಯೋ ಗಾಲ್ಫ್: ಸೂಪರ್ ರಶ್

2021ರ ಜೂನ್‌ನಲ್ಲಿ ಸ್ವಿಚ್‌ಗೆ ಬಂತು, ಮಾಡಿದವರು ಮತ್ತೆ ಕ್ಯಾಮೆಲಾಟ್. ಮಾರಿಯೋ, ಪೀಚ್, ಬೌಸರ್ ಹೀಗೆ ಮಾರಿಯೋ ಗೇಮ್‌ಗಳ ಪಾತ್ರಗಳೆಲ್ಲ ಇದ್ದಾರೆ. ಬಂದಾಗ ಕೋರ್ಸ್ 6 ಇದ್ದವು. ಆಗ ಜನ ಇಷ್ಟೇನಾ ಅಂದರು. ಆಮೇಲೆ ಪುಕ್ಕಟೆ ಅಪ್‌ಡೇಟ್‌ಗಳಲ್ಲಿ ಹೊಸ ಕೋರ್ಸ್‌ಗಳೂ ಪಾತ್ರಗಳೂ ಸೇರಿದವು. ಹಾಗಾಗಿ ಆಗಿನ ವಿಮರ್ಶೆಗಳನ್ನು ಈಗ ಪೂರ್ತಿ ನಂಬಬೇಡಿ.

ಇದರ ವಿಶೇಷ ಸ್ಪೀಡ್ ಗಾಲ್ಫ್. ಸರದಿ ಇಲ್ಲ. ಎಲ್ಲರೂ ಒಟ್ಟಿಗೆ ಹೊಡೆದು, ತಮ್ಮ ತಮ್ಮ ಚೆಂಡಿನ ಹಿಂದೆ ಓಡಬೇಕು, ದಾರಿಯಲ್ಲಿ ಇನ್ನೊಬ್ಬನನ್ನು ಗುದ್ದಿ ಬೀಳಿಸಬಹುದು. ಗೆಲ್ಲುವುದು ಸಮಯದ ಮೇಲೆ, ಪ್ರತಿ ಹೊಡೆತಕ್ಕೂ 30 ಸೆಕೆಂಡ್ ದಂಡ ಸೇರುತ್ತದೆ. ಹಾಗಾಗಿ ಸುಮ್ನೆ ಓಡಿದರೆ ಆಗುವುದಿಲ್ಲ, ಹೊಡೆತವೂ ಸರಿ ಇರಬೇಕು. ಕಾಗದದ ಮೇಲೆ ಇದು ಅದ್ಭುತ. ಆಡುವಾಗ ಮಾತ್ರ ನನಗೆ ಒಂದು ಕೊರಗು: ಗಾಲ್ಫ್‌ನ ಚೆಂದ ಇನ್ನೊಬ್ಬ ಹೊಡೆಯುವುದನ್ನು ನೋಡುವುದರಲ್ಲಿ ಇದೆ. ಅವನು ಕೆರೆಗೆ ಹಾಕಿದಾಗ "ಹೋತ್ ಹೋತ್" ಅಂತ ಕೂಗಬೇಕು. ಎಲ್ಲರೂ ಓಡುತ್ತಿದ್ದರೆ ಯಾರೂ ಯಾರನ್ನೂ ನೋಡುವುದಿಲ್ಲ. ಇನ್ನೊಂದು, ಒಂದೇ ಸ್ವಿಚ್‌ನಲ್ಲಿ ಸ್ಪೀಡ್ ಗಾಲ್ಫ್ ಆಡಲು ಇಬ್ಬರಿಗೆ ಮಾತ್ರ ಅವಕಾಶ, ಪರದೆ ಅರ್ಧ ಅರ್ಧ. ಸಾಮಾನ್ಯ ಗಾಲ್ಫ್ ಆದರೆ ನಾಲ್ಕು ಜನ.

ಬ್ಯಾಟಲ್ ಗಾಲ್ಫ್ ಅಂತಲೂ ಇದೆ. ಒಂದು ಸ್ಟೇಡಿಯಂ, ಒಳಗೆ ಒಂಬತ್ತು ಕುಳಿ, ಯಾರು ಮೊದಲು ಮೂರು ಬಾವುಟ ಗೆಲ್ಲುತ್ತಾರೋ ಅವರು ಗೆದ್ದರು. ಬೇಗ ಮುಗಿಯುತ್ತದೆ, ಊಟಕ್ಕೆ ಕರೆಯುವ ಮುಂಚೆ ಒಂದು ಸುತ್ತು ಹಾಕಲು ಸರಿ. ಅಡ್ವೆಂಚರ್ ಭಾಗ ಒಬ್ಬರಿಗೆ. ಚೆನ್ನಾಗಿ ಶುರುವಾಗಿ, ಇನ್ನೇನು ಹಿಡಿತ ಬಂತು ಅನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಒಂದು ಮಾತು. ಜಾಯ್-ಕಾನ್ (ಸ್ವಿಚ್‌ನ ಚಿಕ್ಕ ಕಂಟ್ರೋಲರ್) ಕೈಯಲ್ಲಿ ಹಿಡಿದು ನಿಜವಾಗಿ ಬೀಸಿ ಹೊಡೆಯುವ ವ್ಯವಸ್ಥೆ ಇದರಲ್ಲಿದೆ. ಗುರಿ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಸ್ಪರ್ಧೆಗೆ ಸರಿಯಲ್ಲ. ಆದರೆ ಬಟನ್ ಅಂದರೆ ಹೆದರುವ ಕಾಕಾ, ಮಾವಶಿ ಎಲ್ಲ ಎದ್ದು ನಿಂತು ಬೀಸುತ್ತಾರೆ. ಕೈಗೆ ಪಟ್ಟಿ ಕಟ್ಟಿಕೊಳ್ಳಲು ಹೇಳಿ, ಟಿವಿ ಉಳಿಯಲಿ.

ಖರ್ಚಿನ ವಿಷಯ ಇಲ್ಲಿ ಕಟುವಾಗಿದೆ. ನಿಂಟೆಂಡೊ ನಮ್ಮ ದೇಶದಲ್ಲಿ ನೇರವಾಗಿ ಮಾರುತ್ತಾ ಬಂದಿಲ್ಲ. ಇಲ್ಲಿ ಸಿಗುವ ಸ್ವಿಚ್‌ಗಳು ಹೊರಗಿನಿಂದ ತಂದವು. ದರ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ವಾರಂಟಿ ಅಂದರೆ ಅಂಗಡಿಯವನ ಮಾತು. ಕೆಟ್ಟರೆ ಖಡೇ ಬಜಾರಿನಲ್ಲಿ ರಿಪೇರಿಯವರನ್ನು ಹುಡುಕಿ ಅಲೆಯುವುದು ನಿಮ್ಮ ಪಾಲು. ನಿಂಟೆಂಡೊದ ಸ್ವಂತ ಗೇಮ್‌ಗಳ ದರವೂ ಸುಲಭಕ್ಕೆ ಇಳಿಯುವುದಿಲ್ಲ, ವರ್ಷಗಳಾದರೂ ಹಾಗೇ ಇರುತ್ತದೆ. ದುಬೈಯಿಂದಲೋ ಅಮೆರಿಕದಿಂದಲೋ ಯಾರಾದರೂ ಬರುತ್ತಿದ್ದರೆ ತರಿಸಿಕೊಳ್ಳುವುದು ನಮ್ಮಲ್ಲಿ ನಡೆದುಬಂದ ದಾರಿ. ಸ್ವಿಚ್ ಈಗಾಗಲೇ ಇದ್ದರೆ ಸೂಪರ್ ರಶ್ ತಗೊಳ್ಳಿ, ಚೆನ್ನಾಗಿದೆ. ಇದಕ್ಕೋಸ್ಕರ ಸ್ವಿಚ್ ಕೊಳ್ಳುವುದು ಬೇಡ. ಸ್ವಿಚ್ ಇದ್ದು, ಆಡುವವರು ಒಬ್ಬರೇ, ಇಂಗ್ಲಿಷ್ ಓದಲು ಬೇಜಾರಿಲ್ಲ ಅಂದರೆ 2017ರ ಗಾಲ್ಫ್ ಸ್ಟೋರಿ ನೋಡಿ. ಗಾಲ್ಫ್ ಹೊಡೆಯುತ್ತಾ ಊರೂರು ತಿರುಗಿ ಎಲ್ಲರ ಸಮಸ್ಯೆ ಬಿಡಿಸುವ ಕಥೆ, ಮಾತುಗಳು ತಮಾಷೆಯಾಗಿವೆ. ಚಿಕ್ಕ ಮಕ್ಕಳಿಗೆ ಓದುವುದು ಹೆಚ್ಚಾಗುತ್ತದೆ.

ಗಾಲ್ಫ್ ವಿತ್ ಯುವರ್ ಫ್ರೆಂಡ್ಸ್

ಉದ್ಯಮಬಾಗ್ ಕಡೆಯ ಹಾಸ್ಟೆಲ್ ಹುಡುಗರು ಕೇಳಿದರೆ ನಾನು ಹೇಳುವುದು ಇದನ್ನೇ. ಇದು ಮಿನಿ ಗಾಲ್ಫ್, ದೊಡ್ಡ ಮೈದಾನ ಇಲ್ಲ, ಗಾಳಿ ಲೆಕ್ಕ ಇಲ್ಲ. ಗೋಡೆ, ತಿರುವು, ತಿರುಗುವ ಚಕ್ರ, ಸುರಂಗ. ಒಟ್ಟಿಗೆ 12 ಜನರ ತನಕ ಆನ್‌ಲೈನ್ ಆಡಬಹುದು, ಎಲ್ಲರೂ ಒಂದೇ ಸಮಯಕ್ಕೆ ಹೊಡೆಯುತ್ತಾರೆ. ಕ್ಯಾರಂನಲ್ಲಿ ರಿಬೌಂಡ್ ಹೊಡೆದು ಅಭ್ಯಾಸ ಇದ್ದವರಿಗೆ ಕೋನ ತಾನಾಗೇ ಹೊಳೆಯುತ್ತದೆ, ಅಂಥವರು ಮೊದಲ ದಿನವೇ ಉಳಿದವರನ್ನು ಸೋಲಿಸುತ್ತಾರೆ.

ಸೆಟ್ಟಿಂಗ್ಸ್‌ನಲ್ಲಿ ಚೇಷ್ಟೆಗೆ ಬೇಕಾದಷ್ಟು ಅವಕಾಶ ಇದೆ. ಚೆಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವಂತೆ ಮಾಡಬಹುದು, ಚೆಂಡು ಜಿಗಿಯುವಂತೆ ಮಾಡಬಹುದು, ಗುರುತ್ವ ಬದಲಿಸಬಹುದು. ಚೆಂಡಿನ ಬದಲು ಚೌಕಾಕಾರದ ಡಬ್ಬಿ ಉರುಳಿಸಬಹುದು. ಪಿಸಿಯಲ್ಲಿ ಜನ ತಾವೇ ಮಾಡಿ ಹಾಕಿದ ಮೈದಾನಗಳೂ ಸಿಗುತ್ತವೆ, ಹಾಗಾಗಿ ಬೇಗ ಮುಗಿಯುವುದಿಲ್ಲ.

ನನ್ನ ಮೂರನೇ ಅಳತೆಯಲ್ಲಿ ಮಾತ್ರ ಇದು ಸೋಲುತ್ತದೆ. ಕೆಲವು ಸಲ ಚೆಂಡು ಅಂಚಿಗೆ ತಾಗಿ ಯಾಕೆ ಹಾರಿತು ಅಂತ ದೇವರಿಗೇ ಗೊತ್ತು. ಒಂದೇ ಹೊಡೆತ, ಒಂದೇ ಕೋನ, ಫಲ ಬೇರೆ. ಒಬ್ಬರೇ ಆಡುತ್ತಿದ್ದರೆ ಇದು ತಲೆ ಕೆಡಿಸುತ್ತದೆ. ಎಂಟು ಜನ ಮೈಕ್ ಹಾಕಿಕೊಂಡು ಕೂಗಾಡುತ್ತಿರುವಾಗ ಅದೇ ಎಡವಟ್ಟು ಎಲ್ಲರಿಗೂ ನಗು. ಅಂದರೆ ಜೊತೆಗಾರರು ಇಲ್ಲದಿದ್ದರೆ ಈ ಗೇಮ್ ಬೇಡವೇ ಬೇಡ. ಹೆಸರಿನಲ್ಲೇ ಹೇಳಿದ್ದಾರೆ.

ಎಲ್ಲರೂ ಒಂದೊಂದು ಪ್ರತಿ ಕೊಳ್ಳಬೇಕು ಅನ್ನೋದು ನೆನಪಿರಲಿ. ಕೊಳ್ಳುವ ಮೊದಲು ಗುಂಪಿನಲ್ಲಿ ಮಾತಾಡಿಕೊಂಡು ಎಲ್ಲರೂ ಸ್ಟೀಮ್‌ನಲ್ಲೇ ತಗೊಳ್ಳಿ, ಒಬ್ಬ ಅಲ್ಲಿ ಒಬ್ಬ ಇಲ್ಲಿ ಕೊಂಡು ಆಮೇಲೆ ಕೂಡಲು ಒದ್ದಾಡುವುದು ಬೇಡ. ಸ್ಟೀಮ್‌ನಲ್ಲಿ ದರ ರೂಪಾಯಿಯಲ್ಲೇ ಇರುತ್ತದೆ, ಜೂನ್ ಕೊನೆಯ ಮತ್ತು ಡಿಸೆಂಬರ್‌ನ ದೊಡ್ಡ ಸೇಲ್‌ಗಳಲ್ಲಿ ಇಂಥ ಗೇಮ್‌ಗಳ ದರ ಚೆನ್ನಾಗಿ ಇಳಿಯುತ್ತದೆ. ದೊಡ್ಡ ಲ್ಯಾಪ್‌ಟಾಪ್ ಬೇಕಾಗಿಲ್ಲ. ಇಂಟರ್ನೆಟ್ ಮಾತ್ರ ನಿಂತು ನಿಂತು ಬರಬಾರದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಆದರೆ ರೌಟರ್ ಆಫ್ ಆಗಿರುತ್ತದೆ. ರೌಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ, ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್ ತಯಾರಿಟ್ಟುಕೊಳ್ಳಿ.

ಉಳಿದವು, ಬೇಗ ಬೇಗ

ವಾಟ್ ದ ಗಾಲ್ಫ್? ಡೆನ್ಮಾರ್ಕಿನ ಟ್ರೈಬ್ಯಾಂಡ್‌ನವರದ್ದು, 2019ರಲ್ಲಿ ಬಂತು. ಗಾಲ್ಫ್ ಕಂಡರೆ ಆಗದವರಿಗಾಗಿ ಮಾಡಿದ ಗಾಲ್ಫ್ ಅಂತ ಅವರೇ ಹೇಳಿಕೊಂಡಿದ್ದಾರೆ. ಹೊಡೆದರೆ ಚೆಂಡಿನ ಬದಲು ಆಟಗಾರನೇ ಹಾರಿ ಹೋಗುತ್ತಾನೆ. ಮುಂದಿನ ಹಂತದಲ್ಲಿ ಮನೆಯೇ ಚೆಂಡು. ಪ್ರತಿ ಹಂತವೂ ಒಂದೊಂದು ಹೊಸ ಚೇಷ್ಟೆ. ನಕ್ಕು ನಕ್ಕು ಸುಸ್ತಾಗುತ್ತೀರಿ, ಆದರೆ ಚೇಷ್ಟೆ ಒಮ್ಮೆ ಗೊತ್ತಾದ ಮೇಲೆ ಎರಡನೇ ಸಲ ಅಷ್ಟು ನಗು ಬರುವುದಿಲ್ಲ. ಒಂದು ಭಾನುವಾರದ ಆಟ. ಆ ಭಾನುವಾರ ಮಾತ್ರ ಮರೆಯುವುದಿಲ್ಲ. ಐಫೋನ್‌ನಲ್ಲಿ ಆಪಲ್ ಆರ್ಕೇಡ್ ಅನ್ನುವ ಗೇಮ್ ಚಂದಾ ಇದ್ದವರು ಅಲ್ಲೇ ಆಡಿ ನೋಡಿ. ಅದೇ ಚಂದಾದಲ್ಲಿ ಎವ್ರಿಬಡೀಸ್ ಗಾಲ್ಫ್ ಮಾಡುತ್ತಿದ್ದ ಕ್ಲ್ಯಾಪ್ ಹ್ಯಾನ್ಜ್‌ನವರ ಸ್ವಂತ ಗೇಮ್ ಕೂಡ 2021ರಲ್ಲಿ ಬಂದಿತ್ತು. ಆನಂತರ ಅದು ಈಸಿ ಕಮ್ ಈಸಿ ಗಾಲ್ಫ್ ಹೆಸರಿನಲ್ಲಿ ಸ್ವಿಚ್‌ಗೂ ಬಂತು.

ಕರ್ಸ್ಡ್ ಟು ಗಾಲ್ಫ್ 2022ರದ್ದು. ಪಕ್ಕದಿಂದ ಕಾಣುವ ಚಿತ್ರ, ಸತ್ತು ಹೋದ ಗಾಲ್ಫ್ ಆಟಗಾರ ಪಾತಾಳದಂಥ ಜಾಗದಲ್ಲಿ 18 ಕುಳಿ ಮುಗಿಸಿ ಮೇಲೆ ಬರಬೇಕು. ಹೊಡೆತಗಳು ಎಣಿಸಿ ಕೊಟ್ಟಷ್ಟು, ಮುಗಿದರೆ ಮತ್ತೆ ಮೊದಲಿನಿಂದ. ದಾರಿಯಲ್ಲಿ ಇರುವ ಮೂರ್ತಿಗಳನ್ನು ಒಡೆದರೆ ಇನ್ನಷ್ಟು ಹೊಡೆತ ಸಿಗುತ್ತದೆ. ಹಟಮಾರಿಗಳಿಗೆ ಮಾತ್ರ. ಒಂದೊಂದು ಕುಳಿಯೇ ಉದ್ದ, ಹತ್ತನೆಯದರಲ್ಲಿ ಸತ್ತರೆ ಅಷ್ಟೂ ಹೊತ್ತು ಹೋಯಿತು. ಸಿಟ್ಟು ಬೇಗ ಬರುವ ತಮ್ಮನಿಗೆ ಕೊಡಬೇಡಿ.

ಮೊಬೈಲ್ ಮಾತ್ರ ಇದೆ ಅನ್ನುವವರು ಹುಷಾರಾಗಿರಬೇಕು. ಗಾಲ್ಫ್ ಕ್ಲ್ಯಾಶ್ ಪುಕ್ಕಟೆ, ಆಟವೂ ಚೆನ್ನಾಗಿದೆ, ಇಬ್ಬರ ನಡುವೆ ಒಂದೇ ಕುಳಿ, ಬೇಗ ಮುಗಿಯುತ್ತದೆ. ಬೈಲಹೊಂಗಲ ಬಸ್ಸಿನಲ್ಲಿ ಕೂತು ಎಷ್ಟೋ ಕುಳಿ ಆಡಬಹುದು. ಆದರೆ ಕೋಲುಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಪೆಟ್ಟಿಗೆ ತೆರೆಯಲು ಕಾಯಬೇಕು, ಕಾಯಲು ಆಗದಿದ್ದರೆ ದುಡ್ಡು ಕೊಡಿ ಅನ್ನುತ್ತದೆ. ಮೇಲೆ ಹೋದಂತೆ ಎದುರಾಳಿಯ ಕೋಲು ನಿಮ್ಮದಕ್ಕಿಂತ ಬಲವಾಗಿರುತ್ತದೆ, ಅದು ಅವನ ಕೈಚಳಕವೋ ಜೇಬೋ ಗೊತ್ತಾಗುವುದಿಲ್ಲ. ನಾನು ಹೇಳಿದ ಮೂರನೇ ಅಳತೆಗೆ ಇದು ನೇರ ವಿರುದ್ಧ. ಮಕ್ಕಳ ಕೈಗೆ ಕೊಡುವುದಿದ್ದರೆ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ ಕೊಡಿ. ಇದೆಲ್ಲ ಬೇಡ ಅಂದರೆ 2014ರ ಡೆಸರ್ಟ್ ಗಾಲ್ಫಿಂಗ್. ಕಿತ್ತಳೆ ಬಣ್ಣದ ಮರಳು, ಒಂದು ಬಿಳಿ ಚೆಂಡು, ಒಂದು ಕುಳಿ, ಆಮೇಲೆ ಇನ್ನೊಂದು, ಮುಗಿಯುವುದೇ ಇಲ್ಲ. ಒಮ್ಮೆ ಸ್ವಲ್ಪ ದುಡ್ಡು ಕೊಟ್ಟರೆ ಆಯಿತು. ಮತ್ತೆ ಆಡುವ ಅವಕಾಶ ಇಲ್ಲ, ಹಾಳು ಮಾಡಿದ ಹೊಡೆತ ಲೆಕ್ಕದಲ್ಲಿ ಹಾಗೇ ಉಳಿಯುತ್ತದೆ. ಒಬ್ಬರಿಗೇ. ಕೆಲವರಿಗೆ ಅದು ಬೇಜಾರು, ನನಗೆ ಬಸ್ಸಿನಲ್ಲಿ ಅದೇ ಬೇಕು.

ಹಾಗಾದರೆ ಯಾವುದು?

ಪಿಎಸ್5 ಇದೆ, ಮನೆಯಲ್ಲಿ ಮಕ್ಕಳು ದೊಡ್ಡವರು ಕೂಡಿ ಆಡುತ್ತಾರೆ, ಹೊಸ ಗೇಮ್‌ನ ದರ ಕೊಡಲು ಅಡ್ಡಿಯಿಲ್ಲ: 2025ರ ಹಾಟ್ ಶಾಟ್ಸ್. ಅದೇ ಮನೆ, ಆದರೆ ಕೈ ಸ್ವಲ್ಪ ಬಿಗಿ: 2017ರ ಡಿಸ್ಕ್, ಆನ್‌ಲೈನ್ ಮರೆತುಬಿಡಿ. ಪಿಸಿ ಇದ್ದವರು ಹಾಟ್ ಶಾಟ್ಸ್‌ಗೂ ಗಾಲ್ಫ್ ವಿತ್ ಯುವರ್ ಫ್ರೆಂಡ್ಸ್‌ಗೂ ನಡುವೆ ಒದ್ದಾಡುತ್ತಾರೆ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗೆಳೆಯರು ವಾರಕ್ಕೆ ಒಮ್ಮೆಯಾದರೂ ಆನ್‌ಲೈನ್ ಬರುತ್ತಾರಾ? ಬರುತ್ತಾರೆ ಅಂದರೆ ಎರಡನೆಯದು, ಅದರ ದರವೂ ಕಡಿಮೆ. "ಬರ್ತೀವಿ ಬರ್ತೀವಿ" ಅಂತ ಗ್ರೂಪಿನಲ್ಲಿ ಬರೆದು ಬರದ ಗೆಳೆಯರಾದರೆ ಹಾಟ್ ಶಾಟ್ಸ್, ಒಬ್ಬರೇ ಆಡಿದರೂ ಅದರಲ್ಲಿ ಗಾಲ್ಫ್ ಇದೆ.

ಚಿಕ್ಕ ಮಕ್ಕಳಿಗೆ, ಅಂದರೆ ಏಳೆಂಟು ವರ್ಷದೊಳಗಿನವರಿಗೆ, ಮೂರನೇ ಒತ್ತು ಕಷ್ಟ. ಅವರಿಗೆ ಮಿನಿ ಗಾಲ್ಫ್ ಅಥವಾ ವಾಟ್ ದ ಗಾಲ್ಫ್? ಬೇಗ ಹಿಡಿಸುತ್ತದೆ. ಹಿರಿಯರಿಗೆ, ಸ್ವಿಚ್ ಇದ್ದರೆ, ಸೂಪರ್ ರಶ್‌ನಲ್ಲಿ ಕೈ ಬೀಸುವುದು. ಸ್ವಿಚ್ ಇಲ್ಲದ ಹಿರಿಯರಿಗೆ ಎವ್ರಿಬಡೀಸ್ ಗಾಲ್ಫ್‌ನಲ್ಲಿ ಕಂಟ್ರೋಲರ್ ಕೈಗೆ ಕೊಟ್ಟು "ಈಗ ಒತ್ರಿ" ಅಂತ ಪಕ್ಕದಲ್ಲಿ ಕೂತು ಹೇಳಿ, ನಾಲ್ಕನೇ ಕುಳಿಗೆ ಅವರೇ ನಿಮ್ಮನ್ನು ಸುಮ್ಮನಿರು ಅನ್ನುತ್ತಾರೆ.

ಕೊಳ್ಳುವಾಗ ಇನ್ನೆರಡು ವಿಷಯ ನೋಡಿಕೊಳ್ಳಿ. ಪಿಎಸ್4 ಡಿಸ್ಕ್ ಪಿಎಸ್5ನಲ್ಲಿ ನಡೆಯುತ್ತದೆ, ಆದರೆ ನಿಮ್ಮದು ಡಿಸ್ಕ್ ಹಾಕುವ ಜಾಗ ಇಲ್ಲದ ಡಿಜಿಟಲ್ ಮಾದರಿ ಆಗಿದ್ದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದು ಪ್ರಯೋಜನವಿಲ್ಲ. ಡಿಸ್ಕ್ ತರುವಾಗ ಹಿಂಬದಿ ಬೆಳಕಿಗೆ ಹಿಡಿದು ಗೀರು ನೋಡಿ, ಸಾಧ್ಯವಾದರೆ ಅಂಗಡಿಯಲ್ಲೇ ಒಮ್ಮೆ ಹಾಕಿಸಿ ನೋಡಿ. ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಕೊಂಡ ದಿನವೇ ಟಿವಿಗೆ ಹಚ್ಚಿ, ಗೇಮ್ ಮೋಡ್ ಹಾಕಿ, ಮನೆಯವರನ್ನು ಕೂರಿಸಿ ಒಂದು ಸುತ್ತು ಆಡಿಸಿಬಿಡಿ. ನೀವೊಬ್ಬರೇ ರಾತ್ರಿ ಕೂತು ಎರಡು ಗಂಟೆ ದಾಟಿಸಿದರೆ ಆ ಅವಕಾಶ ಹೋಯಿತು.